ಹೊಟ್ಟೆಗೋ ಕೈಗೋ

ನನಗೆ ಕೋಪ ಬೇಗ ಬರುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಲಹಂಕದಿಂದ ಯಶವಂತಪುರಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ವರ್ಷಗಟ್ಟಲೆ ಕಂಡಕ್ಟರ್ ಆಗಿದ್ದವಳು ನಾನು. ಕಾಲೇಜು ಹುಡುಗಿಯೊಬ್ಬಳ ಸೊಂಟಕ್ಕೆ ಕೈ ಹಾಕಿದವನನ್ನು ಹೆಬ್ಬಾಳದ ಫ್ಲೈಓವರ್ ಕೆಳಗೆ ಕಾಲರ್ ಹಿಡಿದು ಇಳಿಸಿ, ಟಿಕೆಟ್ ಮೆಷಿನ್ನಿನಿಂದಲೇ ಮುಖಕ್ಕೆ ಬಾರಿಸಿದ್ದೆ. ಮೆಷಿನ್ ಕೆಟ್ಟಿತು. ಯಾಕೆ ಕೆಟ್ಟಿತು ಎಂದು ಡಿಪೋದಲ್ಲಿ ಕೇಳಿದರು. ಅವನ ಮೂಗೂ ಕೆಟ್ಟಿದೆ, ಅದನ್ನೂ ಬರ್ಕೊಳ್ಳಿ ಎಂದು ಹೇಳಿ ಬಂದೆ.

ಅಂಥವಳ ಹೊಟ್ಟೆಯೊಳಗೆ, ಒಂದು ಮಾತೂ ಹೇಳದೆ ಕೇಳದೆ, ಅಂಡಾಶಯದ ಕ್ಯಾನ್ಸರ್ ಬಂದು ಕೂತಿತ್ತು. ನಾನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದೆ, ಸೋಡಾ ಕುಡಿದೆ. ಸಮವಸ್ತ್ರದ ಗುಂಡಿ ಹಾಕಲಾಗದಷ್ಟು ಹೊಟ್ಟೆ ಬಂದಾಗ ಡಿಪೋದವರು ‘ಏನಮ್ಮಾ, ಈ ವಯಸ್ಸಲ್ಲಿ ಗುಡ್ ನ್ಯೂಸಾ?’ ಎಂದು ನಕ್ಕರು. ನಾನೂ ನಕ್ಕೆ. ಸ್ಕ್ಯಾನ್ ಆದ ಮೇಲೆ ಯಾರೂ ನಗಲಿಲ್ಲ.

ಹೊಟ್ಟೆಯನ್ನು ಎದೆಯ ಕೆಳಗಿನಿಂದ ಕೊನೆಯವರೆಗೆ ಸೀಳಿದರು. ಗರ್ಭಕೋಶ, ಎರಡೂ ಅಂಡಾಶಯ, ಒಳಗಿನ ಕೊಬ್ಬಿನ ಪದರ ಎಲ್ಲ ತೆಗೆದರು. ಎಚ್ಚರವಾದಾಗ ಯಾರೋ ನನ್ನನ್ನು ಒಳಗಿನಿಂದ ಒದ್ದು ಒದ್ದು ದಣಿದು ಕೂತಿದ್ದಾರೆ ಅನ್ನಿಸಿತು. ಹಾಸಿಗೆಯ ಒಂದು ಪಕ್ಕದಲ್ಲಿ ನನ್ನ ಗಂಡ, ಇನ್ನೊಂದು ಪಕ್ಕದಲ್ಲಿ ನನ್ನ ಅಕ್ಕ ನಿಂತಿದ್ದರು.

ಗಂಡ ಸಂಜಯನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಮೆತ್ತಗಿನ ಮನುಷ್ಯ. ಗಿರಾಕಿ ಬೈದರೂ ‘ಆಯ್ತು ಸಾರ್’ ಅನ್ನುವವರು. ಅಕ್ಕ ಚಿಕ್ಕಜಾಲದವಳು. ಅವಳ ಗಂಡ ಸತ್ತಿದ್ದಾನೆ, ಮಕ್ಕಳಿಲ್ಲ. ನಾನು ಇನ್ನೂ ಲಂಗ ಹಾಕುತ್ತಿದ್ದಾಗ ಅಮ್ಮ ಹೊಟ್ಟೆ ಊದಿಕೊಂಡು ಸತ್ತಳು. ಏನು ಕಾಯಿಲೆ ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಂದಿನಿಂದ ನನಗೆ ಎಣ್ಣೆ ಹಚ್ಚಿದವಳು, ಹೊಡೆದವಳು, ಶಾಲೆಗೆ ಅಟ್ಟಿದವಳು, ಮದುವೆ ಮಾಡಿದವಳು, ನನ್ನ ಬಾಣಂತನ ಮಾಡಿದವಳು ಎಲ್ಲ ಅವಳೇ.

ಗಾಯ ಮಾಗುತ್ತಾ ಬಂದಾಗ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡರು. ನನಗಿಂತ ತುಂಬಾ ಚಿಕ್ಕವರು, ಆದರೆ ಮಾತು ಮುಚ್ಚಿಡುವವರಲ್ಲ.

‘ಕಣ್ಣಿಗೆ ಕಂಡಿದ್ದೆಲ್ಲ ತೆಗ್ದಿದೀವಿ ಅಮ್ಮಾ. ಕಾಣ್ದೇ ಇರೋದು ಹೊಟ್ಟೆಯ ಒಳಗಿನ ಪೊರೆ ಮೇಲೆ ಉಳಿದಿರಬಹುದು. ಅದಕ್ಕೇ ಕೀಮೋ. ಎರಡು ದಾರಿ ಇದೆ. ಒಂದು, ಎಲ್ಲಾ ಔಷಧೀನೂ ಕೈಯ ನರಕ್ಕೆ ಡ್ರಿಪ್ ಹಾಕೋದು. ಅದು ರಕ್ತದ ಜೊತೆ ಮೈಯೆಲ್ಲಾ ಸುತ್ತಿ ಹೊಟ್ಟೆಗೂ ಹೋಗುತ್ತೆ. ಇನ್ನೊಂದು, ಸ್ವಲ್ಪ ನರಕ್ಕೆ, ಸ್ವಲ್ಪ ನೇರವಾಗಿ ಹೊಟ್ಟೆಯೊಳಗೇ ಸುರಿಯೋದು. ಪಕ್ಕೆಲುಬಿನ ಹತ್ರ ಚರ್ಮದ ಕೆಳಗೆ ಒಂದು ಸಣ್ಣ ಡಬ್ಬಿ ಇಡ್ತೀವಿ. ಪೋರ್ಟ್ ಅಂತೀವಿ. ಅದಕ್ಕೊಂದು ಟ್ಯೂಬ್ ಇರುತ್ತೆ, ಒಳಗೆ ಹೋಗಿರುತ್ತೆ.’

‘ಯಾವ್ದು ಜಾಸ್ತಿ ಕೆಲ್ಸ ಮಾಡುತ್ತೆ?’ ಎಂದೆ.

‘ಹೊಟ್ಟೆಗೆ ಹಾಕಿದ್ರೆ ರೋಗ ಇದ್ದ ಜಾಗದಲ್ಲೇ ಔಷಧಿ ಗಟ್ಟಿಯಾಗಿ ನಿಲ್ಲುತ್ತೆ. ಅದ್ರಿಂದ ಕೆಲವರು ಜಾಸ್ತಿ ಕಾಲ ಬದುಕಿದಾರೆ ಅಂತ ಮೊದಮೊದಲು ನೋಡಿದವರು ಹೇಳಿದ್ರು. ಆಮೇಲೆ ನೋಡಿದವರು ಅಷ್ಟೇನೂ ವ್ಯತ್ಯಾಸ ಕಾಣ್ಲಿಲ್ಲ ಅಂದ್ರು. ನಮ್ಮಲ್ಲೇ ಒಮ್ಮತ ಇಲ್ಲ. ಆದ್ರೆ ನೋವು, ವಾಂತಿ, ಕಿಡ್ನಿಗೆ ಪೆಟ್ಟು, ಪೋರ್ಟ್ ತೊಂದರೆ ಹೊಟ್ಟೆ ದಾರೀಲೇ ಜಾಸ್ತಿ. ಶುರು ಮಾಡಿದವರೆಲ್ಲ ಮುಗಿಸಲ್ಲ.’

ಗಂಡ ತಕ್ಷಣ ‘ಕೈಗೇ ಹಾಕ್ಬಿಡಿ ಮೇಡಂ’ ಎಂದರು. ಅಕ್ಕ ‘ಒಲೆ ಉರೀತಿರೋದು ಒಂದ್ ಕಡೆ, ನೀರ್ ಉಯ್ಯೋದು ಇನ್ನೊಂದ್ ಕಡೆನಾ? ಒಟ್ಟೆಗೇ ಆಕ್ಲಿ’ ಎಂದಳು. ಇಬ್ಬರೂ ನನ್ನ ತಲೆಯ ಮೇಲಿಂದ ಜಗಳಕ್ಕೆ ಬಿದ್ದರು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ. ಮೇಜಿನ ಮೇಲಿದ್ದ ನೀರಿನ ಲೋಟ ತೆಗೆದು ಗೋಡೆಗೆ ಎಸೆದೆ. ಸ್ಟೀಲ್ ಲೋಟ, ಒಡೆಯಲಿಲ್ಲ, ಸದ್ದು ಮಾತ್ರ ಚೆನ್ನಾಗಿ ಆಯಿತು.

‘ಹೊಟ್ಟೆಗೆ’ ಎಂದೆ. ‘ಅದು ನನ್ನ ಮನೇಗ್ ನುಗ್ಗಿದೆ. ನಾನೂ ಅದ್ರ ಮನೇಗ್ ನುಗ್ಗೇ ಹೊಡೀಬೇಕು.’

ಡಾಕ್ಟರಮ್ಮ ಲೋಟ ಎತ್ತಿಟ್ಟು, ಇನ್ನೊಂದು ದಿನ ಯೋಚನೆ ಮಾಡಿ ಎಂದರು. ಯೋಚನೆ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಎಷ್ಟು ಜೋರಾಗಿ ಹೊಡೆತ ಬೀಳುತ್ತದೋ ಅಷ್ಟು ಬೇಗ ಶತ್ರು ಸಾಯುತ್ತಾನೆ. ಬಸ್ಸಿನಲ್ಲಿ ನಾನು ಕಲಿತದ್ದು ಅಷ್ಟೇ.

ಪೋರ್ಟ್ ಇಟ್ಟರು. ಎಡಪಕ್ಕೆಯ ಮೇಲೆ ಚರ್ಮದಡಿ ಅಡಿಕೆಯಷ್ಟು ಗಂಟು. ಮೊದಲ ಸಲ ಹೊಟ್ಟೆಗೆ ಹಾಕುವ ದಿನ ಮುಂಜಾನೆಯೇ ಹೋದೆವು. ಗಂಟಿನ ಮೇಲೆ ಸೂಜಿ ಚುಚ್ಚಿ, ಬೆಚ್ಚಗೆ ಮಾಡಿದ ಔಷಧಿಯನ್ನು ನೀರಿನ ಜೊತೆ ಒಳಗೆ ಇಳಿಸಿದರು. ಹೊಟ್ಟೆ ಏರುತ್ತಾ ಹೋಯಿತು. ಹೊಲಿಗೆಯ ಗೆರೆ ಬಿರಿಯುವಂತೆ ಎಳೆಯಿತು. ಉಸಿರು ಎದೆಯಲ್ಲೇ ನಿಂತಿತು. ಭುಜದ ತುದಿಯಲ್ಲಿ ಚಾಕು ಇಟ್ಟು ತಿರುವಿದ ಹಾಗೆ ನೋವು. ಹೊಟ್ಟೆಗೆ ಹಾಕಿದರೆ ಭುಜ ಯಾಕೆ ನೋಯುತ್ತದೆ ಎಂದು ಕೂಗಿದೆ. ಹಾಗಾಗುತ್ತದೆ ಎಂದರು.

ಆಮೇಲೆ ಮಗ್ಗುಲು ಬದಲಿಸುವ ಕೆಲಸ. ಎಡಕ್ಕೆ, ಬಲಕ್ಕೆ, ಅಂಗಾತ, ಮತ್ತೆ ಎಡಕ್ಕೆ. ಹಂಡೆ ತೊಳೆಯುವಾಗ ನೀರು ಹಾಕಿ ಕುಲುಕಿದ ಹಾಗೆ, ಔಷಧಿ ಮೂಲೆಮೂಲೆಗೂ ತಾಗಬೇಕಂತೆ. ನರ್ಸ್ ಹೊತ್ತು ನೋಡಿ ಹೇಳುವುದು, ಗಂಡ ಹೊರಳಿಸುವುದು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರು ನನ್ನ ಸೊಂಟಕ್ಕೆ ಕೈ ಹಾಕಿದಾಗ ನಾನು ಎದೆಗೇ ಒದ್ದೆ. ಅವರು ಹಿಂದೆ ಹೋಗಿ ಡ್ರಿಪ್ಪಿನ ಕಂಬಕ್ಕೆ ಬಡಿದು ನೆಲಕ್ಕೆ ಬಿದ್ದರು. ಎದ್ದು ಪಂಚೆಯ ಧೂಳು ಕೊಡವಿಕೊಂಡು ಮತ್ತೆ ಬಂದು ಹೊರಳಿಸಿದರು. ನಾನು ಅವರ ಅಪ್ಪ ಅಮ್ಮ ತಾತ ಎಲ್ಲರನ್ನೂ ಬೈದೆ. ಪಾಪ, ತಾತ ಒಳ್ಳೆಯವರು.

ಮನೆಗೆ ಬಂದ ಮೇಲೆ ವಾಂತಿ ಶುರುವಾಯಿತು. ಪಿತ್ತವೂ ಮುಗಿದು, ಬರೀ ಹೊಟ್ಟೆಯೇ ಬಾಯಿಗೆ ಬರುತ್ತಿತ್ತು. ಪ್ರತಿ ಸಲ ಒಕ್ಕರಿಸಿದಾಗಲೂ ಪಕ್ಕೆಯ ಗಂಟು ಒಳಗೆ ಇರಿಯುತ್ತಿತ್ತು. ನನ್ನ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದೆ. ಚೆಂಬು, ದಿಂಬು, ರಿಮೋಟು. ರಾಗಿ ಗಂಜಿಯ ಬಟ್ಟಲು ಹೋಗಿ ಗಂಡನ ಹುಬ್ಬಿಗೆ ತಾಗಿ ರಕ್ತ ಬಂತು. ಅವರು ಟವೆಲ್ ಒತ್ತಿಕೊಂಡು ಗಿರಣಿಗೆ ಹೋದರು. ಗಿರಾಕಿಗಳಿಗೆ ಬಾಗಿಲು ತಾಗಿತು ಅಂದರಂತೆ.

ಅಕ್ಕ ಮಾತ್ರ ನನ್ನ ಹತ್ತಿರ ಬಂದಳು. ಒಗೆದು ಮೆತ್ತಗಾದ ಹಳೇ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ಹರಿದಿದ್ದಳು.

‘ಒಟ್ಟೆ ಕಾಲಿಯಾಗೈತೆ ಕಣೇ. ಇಂಗೇ ಬಿಟ್ರೆ ಗಾಳಿ ಸೇರ್ಕಂತದೆ. ಕಟ್ಬೇಕು’ ಎಂದಳು.

ನಮ್ಮ ಕಡೆ ಹೆತ್ತವಳ ಹೊಟ್ಟೆಯನ್ನು ಹೀಗೆ ಬಿಗಿದು ಕಟ್ಟುತ್ತಾರೆ. ಗರ್ಭಕೋಶ ತೆಗೆಸಿದವಳೂ ಅಕ್ಕನ ಪಾಲಿಗೆ ಬಾಣಂತಿಯೇ, ಮಗು ಇಲ್ಲ ಅಷ್ಟೇ. ಕಟ್ಟುವಾಗ ಅವಳ ಕಣ್ಣು ಆ ಗಂಟಿನ ಮೇಲೆ ಬಿತ್ತು. ಬೆರಳಿನಿಂದ ಮುಟ್ಟಿ ನೋಡಿದಳು. ಅದು ಚರ್ಮದಡಿ ಸ್ವಲ್ಪ ಅಲ್ಲಾಡಿತು.

‘ಇದ್ಯಾಕೆ ಇಂಗೆ ಈಚೆಗ್ ಬಂದೈತೆ? ಒಳೀಕ್ ಕೂತ್ಕಂಡ್ರೆ ನೋವಿರಲ್ಲ.’

ನನ್ನ ಮಗಳು ಹುಟ್ಟಿದಾಗ ಅವಳ ಹೊಕ್ಕುಳು ಉಬ್ಬಿಕೊಂಡಿತ್ತು. ಅಕ್ಕ ನಾಣ್ಯವೊಂದನ್ನು ಬಟ್ಟೆಯಲ್ಲಿ ಸುತ್ತಿ, ಹೊಕ್ಕುಳಿನ ಮೇಲಿಟ್ಟು ಕಟ್ಟಿದ್ದಳು. ಊರಲ್ಲಿ ಎಲ್ಲ ಕೂಸಿಗೂ ಹಾಗೇ ಕಟ್ಟುತ್ತಿದ್ದರು. ಹೊಕ್ಕುಳು ಒಳಗೆ ಹೋಯಿತು. ಆ ಮಗಳು ಈಗ ಗಂಡನ ಜೊತೆ ಮೈಸೂರಿನಲ್ಲಿ ಚೆನ್ನಾಗಿದ್ದಾಳೆ. ಹಾಗಾಗಿ ಅಕ್ಕ ಅದೇ ಧೈರ್ಯದಲ್ಲಿ ಒಂದು ದಪ್ಪ ಹಳೇ ನಾಣ್ಯವನ್ನು ಬಟ್ಟೆಯಲ್ಲಿ ಮಡಚಿ ನನ್ನ ಪೋರ್ಟಿನ ಮೇಲಿಟ್ಟು, ಮೊಣಕಾಲು ಮಂಚಕ್ಕೆ ಊರಿ, ಸೀರೆಯನ್ನು ಜಗ್ಗಿ ಕಟ್ಟಿದಳು. ಮೊದಲು ಜೀವ ಹೋಯಿತು. ಆಮೇಲೆ ಹಾಯೆನಿಸಿತು. ಆ ಮನೆಯಲ್ಲಿ ಆ ವಾರ ನನಗೆ ಸಿಕ್ಕ ಸುಖ ಅದೊಂದೇ. ವಾಂತಿ ಬಂದರೂ ಹೊಟ್ಟೆ ನನ್ನ ಹಿಡಿತದಲ್ಲೇ ಇರುತ್ತಿತ್ತು. ಸೀರೆಯ ಲಂಗದ ದಾರ ಪೋರ್ಟಿನ ಮೇಲೆ ಬಿಗಿಯಾಗಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ದಾರ ಸಡಿಲವಾಗಿಯೇ ಇತ್ತು. ಈ ಬಟ್ಟೆಯ ವಿಷಯ ಯಾರೂ ಕೇಳಲಿಲ್ಲ, ನಮಗೂ ಹೇಳಬೇಕು ಅನ್ನಿಸಲಿಲ್ಲ.

ಮುಂದಿನ ಸರದಿಗೆ ಹೋದಾಗ ನರ್ಸ್ ಸೂಜಿ ಚುಚ್ಚಿದಳು. ಸೂಜಿ ಗಟ್ಟಿಗೆ ತಾಗಿ ನಿಂತಿತು. ತೆಗೆದು ಇನ್ನೊಂದು ಕಡೆ ಚುಚ್ಚಿದಳು. ಮತ್ತೆ ಚುಚ್ಚಿದಳು. ನಾನು ಅವಳ ಮಣಿಕಟ್ಟು ಹಿಡಿದು ತಿರುಚಿದೆ, ಅವಳು ಕಿರುಚಿದಳು. ಡಾಕ್ಟರಮ್ಮ ಬಂದು ಎಕ್ಸ್-ರೇ ತೆಗೆಸಿದರು. ಪೋರ್ಟ್ ಮಗುಚಿಕೊಂಡು ಬೆನ್ನು ಮೇಲೆ ಮಾಡಿ ಮಲಗಿತ್ತು. ಟ್ಯೂಬ್ ಮಡಚಿ ಹೋಗಿತ್ತು.

ಅವರು ನನ್ನ ಪಕ್ಕೆಯ ಮೇಲೆ ಕೈಯಾಡಿಸಿದರು. ಚರ್ಮದ ಮೇಲೆ ದುಂಡಗೆ ನಾಣ್ಯದ ಗುರುತು, ಸುತ್ತ ಬಟ್ಟೆಯ ಬರೆ.

‘ಏನು ಕಟ್ಟಿದ್ರಿ ಇಲ್ಲಿ?’

ನಾನು ಹೇಳಿದೆ. ಅವರು ಬೈಯಲಿಲ್ಲ, ಕುರ್ಚಿಯಲ್ಲಿ ಕೂತುಬಿಟ್ಟರು.

‘ಅಮ್ಮಾ, ಇದನ್ನ ತೆಗೀಲೇಬೇಕು. ಸುತ್ತ ಕೆಂಪಾಗಿದೆ, ಸೋಂಕು ಶುರುವಾಗಿದೆ. ಇನ್ನೊಂದು ಇಡಬೇಕಂದ್ರೆ ಮತ್ತೆ ಕೊಯ್ಬೇಕು, ಅದು ಮಾಗೋವರೆಗೂ ಔಷಧಿ ನಿಲ್ಲಿಸ್ಬೇಕು. ಅಷ್ಟು ಕಾಲ ನಿಲ್ಲಿಸೋದು ಬೇಡ. ಉಳಿದಿದ್ದೆಲ್ಲ ಕೈಗೇ ಹಾಕೋಣ.’

ನನ್ನ ಕಿವಿಗೆ ಬಿದ್ದದ್ದು ಒಂದೇ: ಯುದ್ಧ ಮುಗಿಯುವ ಮೊದಲೇ ನನ್ನ ಕೈಯಿಂದ ಮಚ್ಚು ಕಿತ್ತುಕೊಂಡರು. ಬೇಡ, ಮತ್ತೆ ಕೊಯ್ಯಿರಿ, ಮತ್ತೆ ಇಡಿ ಎಂದು ಹಾಸಿಗೆಯನ್ನು ಗುದ್ದಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗಂಡ ಅವಳ ಕಡೆ ತಿರುಗಿದರು. ಅಷ್ಟು ವರ್ಷ ಅವಳನ್ನು ‘ಅಕ್ಕ, ನೀವು’ ಅನ್ನುತ್ತಿದ್ದ ಮನುಷ್ಯ.

‘ನೀನು ಮನುಷ್ಯಳಾ? ಕಟ್ಟಿ ಕಟ್ಟಿ ಸಾಯಿಸ್ಬಿಟ್ಯಲ್ಲೇ!’

‘ಏನಪ್ಪಾ, ನಾಲ್ಗೆ ಬಿಗಿ ಇಡ್ಕಂಡ್ ಮಾತಾಡು! ಒಟ್ಟೆಗ್ ಬ್ಯಾಡ, ಕೈಗೇ ಆಕಿ ಅಂದೋನು ನೀನು. ಈಗ ನಿಂಗೆ ಕುಸಿ ಆಗಿರ್ಬೇಕು!’

ಅವರು ಅವಳ ಕೆನ್ನೆಗೆ ಬಾರಿಸಿದರು. ನಾನು ಹೇಳಿದ ಅದೇ ಮೆತ್ತಗಿನ ಮನುಷ್ಯ. ಅಕ್ಕ ಸುಮ್ಮನೆ ಬಿಡುವವಳಲ್ಲ, ಅವರ ಅಂಗಿಯ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ತಲೆ ಚಚ್ಚಿದಳು. ಅವರು ಕೊಡವಿ ತಳ್ಳಿದರು. ಅಕ್ಕ ನನ್ನ ಮಂಚದ ಕಬ್ಬಿಣದ ಅಂಚಿಗೆ ಬಿದ್ದಳು, ಹೊಟ್ಟೆ ತಾಗಿತು. ಅವಳ ಬಾಯಿಂದ ಬಂದ ಸದ್ದನ್ನು ನಾನು ಅಮ್ಮ ಸಾಯುವಾಗ ಕೇಳಿದ್ದೆ, ಆಮೇಲೆ ಕೇಳಿರಲಿಲ್ಲ. ಸೆಕ್ಯುರಿಟಿಯವನು ಓಡಿ ಬಂದು ಗಂಡನ ಕುತ್ತಿಗೆ ಹಿಡಿದ.

ನಾನು ಹಾಸಿಗೆಯಿಂದ ಬಗ್ಗಿ ಅವಳನ್ನು ಹಿಡಿದೆ. ನನಗೂ ಅವಳನ್ನು ಹೊಡೆಯಬೇಕು ಅಂತಲೇ ಇತ್ತು. ತುರುಬಿಗೆ ಕೈ ಹಾಕಿಯೂ ಇದ್ದೆ. ಇನ್ನೊಂದು ಕೈ ಅವಳ ಹೊಟ್ಟೆಗೆ ತಾಗಿತು. ಸೆರಗಿನಡಿಯಲ್ಲಿ ಅವಳೂ ಬಟ್ಟೆ ಕಟ್ಟಿಕೊಂಡಿದ್ದಳು, ನನಗೆ ಕಟ್ಟಿದ್ದಕ್ಕಿಂತ ಬಿಗಿಯಾಗಿ. ಬಟ್ಟೆಯ ಕೆಳಗೆ ಹೊಟ್ಟೆ ಗಟ್ಟಿಯಾಗಿ, ತುಂಬಿಕೊಂಡು ಬಿಗಿದಿತ್ತು. ಆ ಬಿಗಿತ ನನಗೆ ಗೊತ್ತು. ಸಮವಸ್ತ್ರದ ಗುಂಡಿ ಹಾಕಲಾಗದಿದ್ದ ದಿನಗಳಲ್ಲಿ ನನ್ನ ಹೊಟ್ಟೆ ಹಾಗೇ ಇತ್ತು.

‘ಏನಿದು?’ ಎಂದೆ.

‘ಗ್ಯಾಸು ಕಣೇ’ ಎಂದಳು.

ನಾನು ತುರುಬು ಬಿಟ್ಟೆ. ನಮ್ಮ ಮನೆಯ ಹೆಂಗಸರನ್ನೆಲ್ಲ ಹೊಟ್ಟೆಯಲ್ಲೇ ಕೊಲ್ಲುವ ಈ ಕಾಯಿಲೆಯ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಯಾವ ಮನುಷ್ಯನ ಮೇಲೂ ಬಂದದ್ದಿಲ್ಲ. ಡಾಕ್ಟರಮ್ಮನನ್ನು ಕೂಗಿದೆ. ಮೊದಲ ದಿನವೇ ಅವರು ಅಮ್ಮನ ವಿಷಯ ಕೇಳಿ ‘ನಿಮ್ಮಕ್ಕನಿಗೂ ಒಂದ್ ಸಲ ಸ್ಕ್ಯಾನ್ ಮಾಡ್ಸಿ’ ಎಂದಿದ್ದರು. ಅಕ್ಕ ‘ನಂಗೇನಾಗೈತೆ, ಗುಂಡ್ಕಲ್ ಇದ್ದಂಗಿವ್ನಿ’ ಎಂದಿದ್ದಳು. ಆಗಲೇ ಅವಳ ಹೊಟ್ಟೆ ಏರತೊಡಗಿತ್ತಂತೆ. ಇಬ್ಬರೂ ಮಲಗಿದರೆ ನಿನ್ನ ವಾಂತಿ ಬಾಚುವವರು ಯಾರು ಎಂದು ಕಟ್ಟಿಕೊಂಡು ಓಡಾಡಿದ್ದಳು.

ಸ್ಕ್ಯಾನ್ ನನ್ನದರ ಹಾಗೇ ಬಂತು.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯ ಒಂದೇ ಕೋಣೆಯಲ್ಲಿ ಇಬ್ಬರ ಮಂಚ. ಗಂಡ ಅಕ್ಕನ ಕಾಲು ಹಿಡಿದು ಕ್ಷಮೆ ಕೇಳಿದರು, ಅವಳು ‘ಓಗಪ್ಪಾ, ನಿನ್ ಏಟು ಸೊಳ್ಳೆ ಕಚ್ಚಿದಂಗಿತ್ತು’ ಎಂದಳು. ಆಮೇಲೆ ಇಬ್ಬರ ತಟ್ಟೆಯನ್ನೂ ಅವರೇ ತೊಳೆದರು. ಅಕ್ಕನ ಹೊಟ್ಟೆಯ ನೀರು ತೆಗೆದರು, ಅವಳನ್ನೂ ನನ್ನ ಹಾಗೇ ಸೀಳಿ ಹೊಲಿದರು. ನನಗೆ ಕೈಯ ನರಕ್ಕೆ ಡ್ರಿಪ್ ನಡೆಯುತ್ತಿತ್ತು.

ಅದೂ ಸುಖವಲ್ಲ. ಅದು ಒದೆಯುವುದಿಲ್ಲ, ಕೊರೆಯುತ್ತದೆ. ಕೂದಲು ದಿಂಬಿನ ಮೇಲೆ ಉಳಿಯುತ್ತದೆ, ಅಂಗಾಲು ಜೋಮು ಹಿಡಿದು ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ, ಮೂಳೆಯೊಳಗೆ ಯಾರೋ ಉಳಿ ಇಟ್ಟು ಕುಟ್ಟುತ್ತಾರೆ. ವಾಂತಿ ಇತ್ತು, ಆದರೆ ಅಷ್ಟಿರಲಿಲ್ಲ. ಊಟ ಮಾಡಿದ್ದು ಉಳಿಯುತ್ತಿತ್ತು. ಆ ಕಡಿಮೆ ನೋವೇ ನನ್ನ ಸಿಟ್ಟಿಗೆ ಕಾರಣ. ಪ್ರತಿ ಸಲ ಬಂದವಳೇ ಚಪ್ಪಲಿ ಎಸೆದು ಕೂಗುತ್ತಿದ್ದೆ. ‘ಇದು ಬರೀ ನೀರು ಕಣ್ರೀ! ನಿಜವಾದ್ ಔಷಧಿ ಹೊಟ್ಟೆಗ್ ಹಾಕೋದು. ಇದು ಸುಮ್ನೆ ಸಮಾಧಾನಕ್ಕೆ ಹಾಕೋದು. ಬದುಕ್ಬೇಕು ಅಂದೋರಿಗೆ ಹೊಟ್ಟೆಗೇ ಹಾಕ್ಬೇಕು!’ ಗಂಡ ಚಪ್ಪಲಿ ಎತ್ತಿಡುತ್ತಾ ಕೇಳುತ್ತಿದ್ದರು. ಪಕ್ಕದ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ ಅಕ್ಕನೂ ಕೇಳುತ್ತಿದ್ದಳು. ನಾನು ಅವಳ ಹೆಸರೆತ್ತುತ್ತಿರಲಿಲ್ಲ, ಅವಳನ್ನು ಬೈಯುತ್ತಲೂ ಇರಲಿಲ್ಲ, ನಾನು ಆ ಔಷಧಿಯನ್ನು ಬೈಯುತ್ತಿದ್ದೆ.

ನನ್ನ ಸರದಿಗಳೆಲ್ಲ ಮುಗಿದು ಸ್ಕ್ಯಾನ್ ಮಾಡಿದಾಗ ಡಾಕ್ಟರಮ್ಮ ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು. ಸದ್ಯಕ್ಕೆ ಎಂಬ ಪದವನ್ನು ಅವರು ನುಂಗಲಿಲ್ಲ. ಅದೇ ದಿನ, ಅದೇ ಕೋಣೆಯಲ್ಲಿ, ಅಕ್ಕನ ಗಾಯ ಮಾಗಿದೆಯೆಂದು ಅವಳಿಗೆ ಅವೇ ಎರಡು ದಾರಿಗಳನ್ನು ಹೇಳಿದರು. ಅವಳಿಗೂ ಕಂಡದ್ದೆಲ್ಲ ತೆಗೆದಿದ್ದಾರೆ, ಎರಡರಲ್ಲಿ ಯಾವುದಾದರೂ ಆಗುತ್ತದೆ, ಹೊಟ್ಟೆ ದಾರಿ ಹೆಚ್ಚು ಕಷ್ಟ, ಯಾವುದು ಅವಳನ್ನು ಖಂಡಿತ ಉಳಿಸುತ್ತದೆ ಎಂದು ಹೇಳಲಾಗದು.

‘ನೀವೇ ಹೇಳ್ಬೇಕು ಅಮ್ಮಾ. ಯಾವ್ದು?’

ಅಕ್ಕ ನನ್ನ ಕಡೆ ಕೈ ತೋರಿಸಿದಳು. ‘ಅವ್ಳು ಯೇಳ್ತಾಳೆ. ಎಲ್ಡೂ ತಿಂದೌಳೆ ಅವ್ಳು.’

ನಾನು ಅಕ್ಕನನ್ನು ನೋಡಿದೆ. ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು. ಆ ಹೊಟ್ಟೆಯನ್ನು ಮತ್ತೆ ಚುಚ್ಚಿ, ಬೀಗುವವರೆಗೆ ತುಂಬಿಸಿ, ಎಡಕ್ಕೆ ಬಲಕ್ಕೆ ಹೊರಳಿಸುವುದನ್ನು ನೆನೆದೆ. ನನಗಾದರೆ ಮೈಯಲ್ಲಿ ಒದೆಯುವ ಶಕ್ತಿ ಇತ್ತು. ಇವಳು ಒದೆಯುವುದಿಲ್ಲ, ಹಲ್ಲು ಕಚ್ಚಿಕೊಂಡು ಸುಮ್ಮನೆ ಮಲಗುತ್ತಾಳೆ. ನನ್ನ ಯುದ್ಧ, ಮಚ್ಚು, ನುಗ್ಗಿ ಹೊಡೆಯುವುದು ಎಲ್ಲ ಆ ಒಂದು ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡವು. ನೋವು ಹೆಚ್ಚಾದರೆ ಗುಣ ಹೆಚ್ಚು ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಹೇಳಿಕೊಂಡದ್ದು.

‘ಕೈಗೇ ಹಾಕಿ’ ಎಂದೆ.

ಡಾಕ್ಟರಮ್ಮ ಅಕ್ಕನನ್ನು ‘ಒಪ್ಪಿಗೇನಾ?’ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಗಂಡ ಔಷಧಿ ತರಲು ಕೆಳಗಿನ ಮಳಿಗೆಗೆ ಹೋದರು. ನಾವಿಬ್ಬರೂ ಮೆಟ್ಟಿಲಿಳಿಯತೊಡಗಿದೆವು. ಅವಳಿಗೆ ಗಾಯ ಎಳೆಯುತ್ತಿತ್ತು, ನನಗೆ ಅಂಗಾಲು ಜೋಮು. ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದೆವು. ನಡುವಿನ ತಿರುವಿನಲ್ಲಿ ಅವಳು ನಿಂತಳು. ಸುಸ್ತಾಯಿತೇನೋ ಎಂದು ನಾನೂ ನಿಂತೆ.

ಅವಳು ನನ್ನ ಕೆನ್ನೆಗೆ ಹೊಡೆದಳು. ಮೂಳೆ ಮಾತ್ರ ಉಳಿದಿದ್ದ ಕೈ, ಆದರೂ ಕಿವಿ ಗುಂಯ್ ಅಂದಿತು. ಶಾಲೆಗೆ ಹೋಗದೆ ತಪ್ಪಿಸಿಕೊಂಡಾಗ ಹೊಡೆದಿದ್ದಳು, ಆಮೇಲೆ ಅಂದೇ.

‘ನಿಂಗಾದ್ರೆ ಒಟ್ಟೆಗೆ, ನಂಗೆ ಕೈಗಾ?’ ಎಂದಳು. ‘ನಾನು ಬದುಕೋದು ಬ್ಯಾಡ್ವೇನೇ ನಿಂಗೆ?’